ಒಂದು ಕಪ್ ಅಂದ್ರೆ ಎಷ್ಟು ಗ್ರಾಂ?

ಇದಕ್ಕೆ ಒಂದೇ ಉತ್ತರ ಇಲ್ಲ. ಏನನ್ನು ಅಳೀತಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. 240 ಮಿ.ಲೀ. ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿಸುತ್ತೆ, ಮೈದಾ 120–125 ಅಷ್ಟೇ, ಬೆಣ್ಣೆ 225ರ ಆಸುಪಾಸು, ಜೇನುತುಪ್ಪ 340.

ತೊಂದರೆ ಕೊಡೋದು ಹಿಟ್ಟುಗಳು. ಮೈದಾವನ್ನು ಚಮಚದಲ್ಲಿ ಹಗುರಾಗಿ ತುಂಬಿ ಮೇಲೆ ಸವರಿದರೆ 120. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಕೂಡ ಆಗಬಹುದು. ಕೇಕ್ ಗಟ್ಟಿಯಾಯ್ತು ಅಂತ ಓವನ್ನನ್ನು ಬೈಯೋ ಮುಂಚೆ ಇದನ್ನು ನೋಡಿ. ಕಡಲೆಹಿಟ್ಟೂ ಹಾಗೇ, ಜರಡಿ ಹಿಡಿದ ಮೇಲೆ ಅದೇ ಕಪ್ಪಿಗೆ ಕಡಿಮೆ ತೂಕ ಬರುತ್ತೆ. ಮೈಸೂರುಪಾಕಿಗೆ ತೂಕ ಮಾಡಿ ಹಾಕೋದೇ ಕ್ಷೇಮ.

ನಿಮ್ಮ ಕಪ್ ಎಷ್ಟರದು ಅಂತ ತಿಳಿಯೋದು ಸುಲಭ. ಅಡುಗೆಮನೆ ತಕ್ಕಡಿ ಮೇಲೆ ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ, ಕಂಠಮಟ್ಟ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತೋ ಅಷ್ಟೇ ಮಿ.ಲೀ. ಅಮೆರಿಕದ ರೆಸಿಪಿಗಳಲ್ಲಿ ಕಪ್ ಅಂದ್ರೆ ಸುಮಾರು 240, ಆಸ್ಟ್ರೇಲಿಯಾದವರದ್ದು 250. ಅಜ್ಜಿ ಕಾಲದ ಪಾವಿಗೂ ಇದೇ ಪರೀಕ್ಷೆ ಮಾಡಿ. ನಾಲ್ಕು ಪಾವು ಒಂದು ಸೇರು ನಿಜ, ಆದರೆ ಸೇರು ಎಲ್ಲ ಊರಲ್ಲೂ ಒಂದೇ ಅಲ್ಲ.

ಆಮೇಲೆ ನೀವು ಹೆಚ್ಚು ಬಳಸೋ ರವೆ, ಅಕ್ಕಿಹಿಟ್ಟು, ಬೆಲ್ಲದ ಪುಡಿ ಒಂದೊಂದು ಕಪ್ ತೂಗಿ, ಅಂಕಿಯನ್ನು ಡಬ್ಬಿ ಮುಚ್ಚಳದ ಮೇಲೆ ಬರೆದಿಡಿ.

ಅಡುಗೆ ಸೋಡಾ, ಉಪ್ಪು, ಏಲಕ್ಕಿ ಪುಡಿಗೆ ಮಾತ್ರ ಚಮಚವೇ ಇರಲಿ. ಅಷ್ಟು ಕಡಿಮೆ ತೂಕವನ್ನು ಮನೆ ತಕ್ಕಡಿ ಸರಿಯಾಗಿ ತೋರಿಸಲ್ಲ.