ಎಪಿಐ ಹೇಳಿದ ಸಿಪಿಯು 0.0, ಮೆಷಿನ್ ಮಾತ್ರ ತೆವಳುತ್ತಿತ್ತು

ನನ್ನ ಲಿನಕ್ಸ್ ವರ್ಚುವಲ್ ಮೆಷಿನ್‌ನ ಸಿಪಿಯು, ಮೆಮೊರಿ ನೋಡಲು ಪೈಥಾನ್‌ನಲ್ಲಿ ಒಂದು ಪುಟ್ಟ ವೆಬ್ ಎಪಿಐ (ಕೇಳಿದಾಗ ಮಾಹಿತಿ ಕಳಿಸುವ ಪ್ರೋಗ್ರಾಂ) ಬರೆದಿದ್ದೆ. ಲೆಕ್ಕ ಕೊಡುವುದು ಪಿಎಸ್‌ಯುಟಿಲ್ ಲೈಬ್ರರಿ. ಮೆಷಿನ್ ತೆವಳುತ್ತಿದ್ದರೂ ಎಪಿಐ ಆಗಾಗ ಸಿಪಿಯು ಬಳಕೆ ಶೇಕಡಾ 0.0 ಎನ್ನುತ್ತಿತ್ತು. ರಿಫ್ರೆಶ್ ಮಾಡಿದರೆ 90, ಮತ್ತೆ 0.0. ತುಂಬಾ ಕಳವಳವಾಯಿತು.

ಕಾರಣ ಆಮೇಲೆ ಹೊಳೆಯಿತು. ಲಿನಕ್ಸ್ ನಮಗೆ ಶೇಕಡಾವಾರು ಕೊಡುವುದೇ ಇಲ್ಲ. ಬೂಟ್ ಆದಾಗಿನಿಂದ ಸಿಪಿಯು ಎಷ್ಟು ಹೊತ್ತು ದುಡಿದಿದೆ, ಎಷ್ಟು ಹೊತ್ತು ಸುಮ್ನೆ ಕೂತಿದೆ ಅನ್ನುವ ಮೊತ್ತ ಮಾತ್ರ ಇಡುತ್ತದೆ. ಶೇಕಡಾ ಬೇಕಿದ್ದರೆ ಎರಡು ಸಲ ಓದಿ ವ್ಯತ್ಯಾಸ ನೋಡಬೇಕು. ಇಂಟರ್ವಲ್ (ಎರಡು ಓದುಗಳ ನಡುವಿನ ಹೊತ್ತು) ಕೊಡದೆ ಕರೆದರೆ ಪಿಎಸ್‌ಯುಟಿಲ್ ಹಿಂದಿನ ಕರೆಯ ಜೊತೆ ಹೋಲಿಸುತ್ತದೆ. ಮೊದಲ ಕರೆಗೆ ಹಿಂದಿನದು ಎಲ್ಲಿದೆ? ಹಾಗಾಗಿ 0.0. ನನ್ನ ಸರ್ವರ್‌ನಲ್ಲಿ 4 ವರ್ಕರ್‌ಗಳಿದ್ದವು (ರಿಕ್ವೆಸ್ಟ್‌ಗಳನ್ನು ಹಂಚಿಕೊಳ್ಳುವ ಬೇರೆ ಬೇರೆ ಪ್ರೋಸೆಸ್‌ಗಳು), ಪ್ರತಿಯೊಂದಕ್ಕೂ ಅದರದೇ ‘ಮೊದಲ ಕರೆ’!

ಇಂಟರ್ವಲ್ 1 ಸೆಕೆಂಡ್ ಕೊಟ್ಟೆ. ಸಂಖ್ಯೆ ಸರಿ ಬಂತು, ಆದರೆ ಪ್ರತಿ ರಿಕ್ವೆಸ್ಟ್ ಅಷ್ಟು ಹೊತ್ತು ಕಾಯಬೇಕು. ಅದು ಬೇಡ ಅನ್ನಿಸಿತು. ಕೊನೆಗೆ ಹಿನ್ನೆಲೆಯಲ್ಲಿ ಒಂದು ಥ್ರೆಡ್ ಇಟ್ಟು, 5 ಸೆಕೆಂಡಿಗೊಮ್ಮೆ ಓದಿಸಿ, ಎಪಿಐ ಕೊನೆಗೆ ಓದಿದ ಸಂಖ್ಯೆಯನ್ನಷ್ಟೇ ಕೊಡುವಂತೆ ಮಾಡಿದೆ.

ಮೆಮೊರಿಯಲ್ಲೂ ‘ಫ್ರೀ’ ಬದಲು ‘ಅವೈಲೆಬಲ್’ ತೋರಿಸಿದೆ. ಕ್ಯಾಶ್ (ಮತ್ತೆ ಬೇಕಾಗಬಹುದೆಂದು ಇಟ್ಟುಕೊಂಡ ಡೇಟಾ) ಹಿಡಿದಿರುವ ಜಾಗ ‘ಫ್ರೀ’ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅದರಲ್ಲಿ ಬಹುಪಾಲು ಬೇಕಾದಾಗ ಬಿಡುಗಡೆ ಆಗುತ್ತದೆ, ಅಲ್ವಾ?

ಇನ್ನೊಂದು ಮುಖ್ಯ: ವರ್ಚುವಲ್ ಮೆಷಿನ್ ಆದರೆ ‘ಸ್ಟೀಲ್’ ಸಮಯವನ್ನೂ ಬೇರೆಯಾಗಿ ಕಳಿಸಿ. ನಮ್ಮ ಮೆಷಿನ್ ಕೆಲಸಕ್ಕೆ ಸಿದ್ಧವಿದ್ದರೂ ಹೋಸ್ಟ್ (ವರ್ಚುವಲ್ ಮೆಷಿನ್ ಯಾವುದರೊಳಗೆ ಓಡುತ್ತದೋ ಆ ನಿಜವಾದ ಕಂಪ್ಯೂಟರ್) ಸಿಪಿಯು ಕೊಡದೆ ಕಾಯಿಸಿದ ಹೊತ್ತು ಅದು. ನನ್ನಲ್ಲಿ ಅದೇ ಜಾಸ್ತಿ ಇತ್ತು. ತೆವಳುತ್ತಿದ್ದುದು ನನ್ನ ಕೋಡ್‌ನಿಂದಲ್ಲ.