ಅನಾನಸ್ ಸಿಪ್ಪೆಯ ರಸಮೇವು: ನಾನು ಮಾಡುವ ರೀತಿ

ಅನಾನಸ್ ರಸ ತೆಗೆಯುವ ಕಡೆ ಹಣ್ಣಿನ ಹತ್ತಿರ ಹತ್ತಿರ ಅರ್ಧ ತೂಕ ಸಿಪ್ಪೆ, ನಡುದಿಂಡು, ಜುಟ್ಟು ಅಂತ ಹೊರಗೆ ಬೀಳುತ್ತದೆ. ಅದನ್ನು ರಾಶಿ ಹಾಕಿಟ್ಟರೆ ಎರಡನೇ ದಿನಕ್ಕೇ ನೊಣ, ನಾತ. ನಾನು ಅದನ್ನು ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಮೇವು (ಸೈಲೇಜ್), ಮಾಡಿ ಹಸುಗಳಿಗೆ ಹಾಕುತ್ತೇನೆ.

ನೋಡಲು ಬಂದವರು ಮೊದಲು ಕೇಳುವುದು ಕಾಕಂಬಿ (ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಸಿಹಿ ಪಾಕ) ಎಷ್ಟು ಬೇಕು ಅಂತ. ಬೇಡವೇ ಬೇಡ. ಹುಳಿ ಬರಲು ಬೇಕಾದಷ್ಟು ಸಕ್ಕರೆ ಸಿಪ್ಪೆಯಲ್ಲೇ ಇದೆ. ತೊಂದರೆ ಕೊಡುವುದು ನೀರು. ಹಸಿ ಸಿಪ್ಪೆಯಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ. ಹಾಗೇ ತುಂಬಿದರೆ ತಳದಲ್ಲಿ ರಸ ನಿಂತು ಕೊಳೆಯುತ್ತದೆ. ಸೋರಿ ಹೋಗುವ ರಸದ ಜೊತೆ ಸಕ್ಕರೆಯೂ ಹೋಗುತ್ತದೆ. ಅದು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ.

ಅದಕ್ಕೇ ಒಣ ಹುಲ್ಲು ಬೆರೆಸುವುದು. 100 ಕೆಜಿ ಸಿಪ್ಪೆಗೆ 25 ಕೆಜಿ ಕತ್ತರಿಸಿದ ಒಣ ಹುಲ್ಲು. ಲೆಕ್ಕ ಹಾಕಿ ನೋಡಿ: ಸಿಪ್ಪೆಯಲ್ಲಿ ಒಣ ಅಂಶ 15 ಕೆಜಿ, ಹುಲ್ಲಿನಲ್ಲಿ ಸುಮಾರು 22 ಕೆಜಿ. ಒಟ್ಟು 125 ಕೆಜಿಯಲ್ಲಿ ತೇವ ನೂರಕ್ಕೆ ಸುಮಾರು 70 ಭಾಗಕ್ಕೆ ಇಳಿಯುತ್ತದೆ. ಇಷ್ಟಿದ್ದರೆ ಸಾಕು. ಆದರೆ ಮಳೆ ಬಿದ್ದ ದಿನದ ಸಿಪ್ಪೆ ಬೇರೆ, ಬಿಸಿಲಿನ ದಿನದ್ದು ಬೇರೆ. ಹಾಗಾಗಿ ತಕ್ಕಡಿಗಿಂತ ನನಗೆ ಕೈ ಮೇಲೆ ನಂಬಿಕೆ ಜಾಸ್ತಿ. ಒಂದು ಹಿಡಿ ಮಿಶ್ರಣ ತೆಗೆದು ಗಟ್ಟಿಯಾಗಿ ಹಿಂಡುತ್ತೇನೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನಷ್ಟು ಹುಲ್ಲು ಬೇಕು. ಮುಷ್ಟಿ ಬಿಚ್ಚಿದಾಗ ಅಂಗೈ ಒದ್ದೆಯಾಗಿ, ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಹದ ಸರಿ ಇದೆ.

ಸಿಪ್ಪೆ ಬಂದ ದಿನವೇ ಕೆಲಸ ಮುಗಿಸಬೇಕು. ಜುಟ್ಟನ್ನೂ ಬಿಸಾಡಬೇಡಿ, ಅದರಲ್ಲಿ ನಾರಿದೆ. ಎಲ್ಲವನ್ನೂ ಎರಡು ಮೂರು ಸೆಂಟಿಮೀಟರ್ ತುಂಡು ಮಾಡಿ, ಪ್ಲಾಸ್ಟಿಕ್ ಡ್ರಮ್ಮಿಗೆ ಒಂದು ಪದರ ಹಾಕುವುದು, ತುಳಿಯುವುದು, ಮತ್ತೊಂದು ಪದರ. ತುಳಿಯುವುದರಲ್ಲಿ ಸೋಮಾರಿತನ ಬೇಡ. ಹುಳಿ ಬರಿಸುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಡ, ಬೂಷ್ಟಿಗೆ ಬೇಕು. ಒಳಗೆ ಗಾಳಿ ಉಳಿದಷ್ಟೂ ಬೂಷ್ಟಿಗೆ ಅನುಕೂಲ, ಅಲ್ವಾ? ಬಾಯಿಯವರೆಗೆ ತುಂಬಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳ ಬಿಗಿದು ನೆರಳಲ್ಲಿ ಇಟ್ಟರೆ ಆಯಿತು. ನಾಲ್ಕು ವಾರ ಮುಟ್ಟುವುದಿಲ್ಲ.

ತೆಗೆದಾಗ ಮೂಗೇ ಹೇಳುತ್ತದೆ. ಹಣ್ಣಿನ ಹಿತವಾದ ಹುಳಿ ವಾಸನೆ, ಹಳದಿ ಕಂದು ಬಣ್ಣ ಇದ್ದರೆ ಚೆನ್ನಾಗಿ ಆಗಿದೆ. ಹುಳಿ ಅಳೆಯುವ ಪಿಎಚ್ ಕಾಗದ ಇದ್ದವರು ನೋಡಿದರೆ 4ರ ಆಸುಪಾಸು ತೋರಿಸಬೇಕು. ಮುಗ್ಗಿದ ಬೆಣ್ಣೆಯ ನಾತ ಬಂದರೆ ಅಥವಾ ಬೂಷ್ಟು ಕಂಡರೆ ದನಕ್ಕೆ ಹಾಕಲೇಬೇಡಿ. ಮೇಲಿನ ಬೂಷ್ಟು ಕೆರೆದು ಉಳಿದದ್ದು ಹಾಕೋಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೂಷ್ಟಿನ ವಿಷ ಕಣ್ಣಿಗೆ ಕಾಣುವಷ್ಟಕ್ಕೇ ನಿಲ್ಲುವುದಿಲ್ಲ, ಗಬ್ಬದ ಹಸುವಿಗಂತೂ ತುಂಬಾ ಅಪಾಯ.

ಡ್ರಮ್ ತೆರೆದ ಮೇಲೆ ದಿನಾ ಒಂದೊಂದು ಪದರ ತೆಗೆದು ಬೇಗ ಖಾಲಿ ಮಾಡುತ್ತೇನೆ. ಗಾಳಿ ತಾಗಿದರೆ ಮೇವು ಬಿಸಿಯಾಗಿ ಕೆಡುತ್ತದೆ. ಅದಕ್ಕೇ ದೊಡ್ಡ ಗುಂಡಿಗಿಂತ ಸಣ್ಣ ಡ್ರಮ್ಮುಗಳೇ ನನಗೆ ಇಷ್ಟ.

ಹಸುಗಳಿಗೆ ಮೊದಲ ದಿನ ಒಂದು ಹಿಡಿ ಮಾತ್ರ. ವಾರ, ಹತ್ತು ದಿನದಲ್ಲಿ ನಿಧಾನವಾಗಿ ಏರಿಸುತ್ತೇನೆ. ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆ ಕೆಡುತ್ತದೆ. ಹಾಲು ಕರೆದ ಮೇಲೆ ಹಾಕಿದರೆ ಹಾಲಿಗೆ ವಾಸನೆ ಹಿಡಿಯುವುದಿಲ್ಲ. ಈ ಮೇವಿನಲ್ಲಿ ಪ್ರೋಟೀನ್ ಕಡಿಮೆ. ಅದಕ್ಕಾಗಿ ದ್ವಿದಳ ಜಾತಿಯ ಹಸಿರು ಮೇವು ಇಲ್ಲವೇ ಹಿಂಡಿ, ಜೊತೆಗೆ ಖನಿಜ ಮಿಶ್ರಣ ಕೊಡುತ್ತೇನೆ. ಮೆಲುಕು ಹಾಕುವುದು ಇನ್ನೂ ಸರಿಯಾಗಿ ಶುರುವಾಗದ ಎಳೆ ಕರುಗಳಿಗೆ ಇದನ್ನು ಹಾಕುವುದಿಲ್ಲ.