ಒಡೆದ ಕಟ್ಟೆ, ಉಪ್ಪೇರಿದ ಗದ್ದೆ: ಗೇಮ್ ಜಾಮಿಗೊಂದು ಪುಟ್ಟ ಪಜಲ್

ಪರಿಸರವನ್ನು ಮತ್ತೆ ಕಟ್ಟುವ ಆಟ ಎಂದರೆ ಗೇಮ್ ಜಾಮಿಗೆ (ಒಂದೆರಡು ದಿನದಲ್ಲಿ ಹೊಸ ಆಟ ಕಟ್ಟಿ ಮುಗಿಸುವ ಕೂಟಕ್ಕೆ) ಬರುವ ಬಹಳಷ್ಟು ತಂಡಗಳು ಮಾಡುವುದು ಒಂದನ್ನೇ: ಬೋಳು ನೆಲ, ಕೈಯಲ್ಲಿ ಸಸಿ, ಕ್ಲಿಕ್ ಮಾಡಿದಲ್ಲೆಲ್ಲ ಹಸಿರು. ಅದರಲ್ಲಿ ಬಿಡಿಸಲು ಗಂಟೇ ಇಲ್ಲ, ನಿಜದ ಕೆಲಸವೂ ಹಾಗೆ ನಡೆಯುವುದಿಲ್ಲ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮರಳಬೇಕೆಂದರೆ ಮೊದಲು ನೋಡಬೇಕಾದದ್ದು ನೀರಿನ ದಾರಿ ಮತ್ತು ನೆಲದ ಎತ್ತರ. ಅವೆರಡೂ ಸರಿಯಿದ್ದು ಹತ್ತಿರದಲ್ಲಿ ಬೆಳೆದ ಮರಗಳಿದ್ದರೆ ಬೀಜ ತೇಲಿಬಂದು ತಾನೇ ಬೇರೂರುತ್ತದೆ. ಹೊತ್ತೆಲ್ಲ ಮುಳುಗಿರುವ ಕೆಸರಿನಲ್ಲಿ ಎಷ್ಟು ಸಸಿ ನೆಟ್ಟರೂ ಉಳಿಯುವುದಿಲ್ಲ. ಹಾಗಾಗಿ ಆಡುವವರ ಕೈಗೆ ಸಸಿ ಕೊಡಬೇಡಿ. ಮಣ್ಣು ಕೊಡಿ, ತೂಬಿನ ಬಾಗಿಲು ಕೊಡಿ. ಗಿಡ, ಮೀನು, ಕೊಕ್ಕರೆ ಬರುವುದು ಅದರ ಫಲವಾಗಿ.

ಗೋವೆಯಲ್ಲಿರುವ ಕನ್ನಡ ತಂಡಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ಇಲ್ಲಿನ ಖಾಜನ್ ಅಂದರೆ ಉತ್ತರ ಕನ್ನಡದ ಅಘನಾಶಿನಿ ದಡದ ಗಜನಿಯ ನಂಟೇ: ಉಬ್ಬರದ ಮಟ್ಟಕ್ಕಿಂತ ತಗ್ಗಿನ ಗದ್ದೆ, ಹೊರಗೆ ಮಣ್ಣು ಮತ್ತು ಚಿರೆಕಲ್ಲಿನ ಕಟ್ಟೆ, ಕಟ್ಟೆಯಲ್ಲಿ ಮಾನಸ್ ಎಂಬ ಮರದ ತೂಬು, ಒಳಗೆ ನೀರು ನಿಲ್ಲುವ ಪೊಯಿಂ. ಗಜನಿಯಲ್ಲಿ ಕಗ್ಗ ಭತ್ತ ಬೆಳೆದಂತೆ ಇಲ್ಲಿ ಉಪ್ಪು ತಾಳುವ ಕೋರ್ಗುಟ್ ಭತ್ತ. ಮಾನಸಿನ ಬಾಗಿಲನ್ನು ಉಬ್ಬರದ ನೀರೇ ತಳ್ಳಿ ಮುಚ್ಚುತ್ತದೆ. ಇಳಿತಕ್ಕೆ ಒಳಗಿನ ನೀರೇ ದೂಡಿ ತೆರೆಯುತ್ತದೆ. ಇಷ್ಟು ಚೊಕ್ಕ ಪಜಲ್ ಸಾಮಗ್ರಿ ಕಾಲ ಬುಡದಲ್ಲೇ ಇದೆ. ಜಾಮಿನ ಹಿಂದಿನ ವಾರ ರಿಬಂದರದಲ್ಲಿ ಫೆರಿ ಹತ್ತಿ ಮಾಂಡವಿಯ ಚೋಡಣ ದ್ವೀಪಕ್ಕೆ ಹೋಗಿ, ಇಳಿತದ ಹೊತ್ತಿನಲ್ಲಿ ಒಂದು ಗಂಟೆ ನಿಂತು ನೋಡಿ. ಗಿಡ ಯಾವ ಎತ್ತರದಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೇ ನಿಮ್ಮ ಆಟದ ನಿಯಮ.

ಹಲಗೆ 8×6 ಚೌಕ ಸಾಕು. ಪ್ರತಿ ಚೌಕಕ್ಕೆ ನಾಲ್ಕು ಸಂಖ್ಯೆ: ಎತ್ತರ, ಉಪ್ಪು, ಒದ್ದೆಯೋ ಒಣವೋ, ಮೇಲೇನಿದೆ. ಎತ್ತರ 0 ಅಂದರೆ ನದಿ, ಯಾವಾಗಲೂ ಮುಳುಗಿರುವುದು. 1 ಅಂದರೆ ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಬಯಲಾಗುವ ನೆಲ; ಕಾಂಡ್ಲಾ ಬರುವುದು ಇಲ್ಲಿ ಮಾತ್ರ, ಕಟ್ಟೆಯ ಒಳಗಾದರೆ ಇದೇ ಗದ್ದೆ. 2 ಅಂದರೆ ಕಟ್ಟೆ. ಉಪ್ಪು 0ರಿಂದ 3ರವರೆಗೆ. ನಿಜದಲ್ಲಿ ಎರಡು ಉಬ್ಬರ, ಎರಡು ಇಳಿತ ಮುಗಿಯಲು ಸುಮಾರು 24 ಗಂಟೆ 50 ನಿಮಿಷ ಬೇಕು. ಆಟದಲ್ಲಿ ಒಂದು ಹೆಜ್ಜೆ ಉಬ್ಬರ, ಮುಂದಿನದು ಇಳಿತ. ಗಡಿಯಾರ ಬೇಡ. ಆಡುವವರು ಕದಲಿದಾಗಷ್ಟೇ ನೀರು ಕದಲಲಿ.

ಕಂಪ್ಯೂಟರ್ ಮುಟ್ಟುವ ಮೊದಲು ಎರಡು ಗಂಟೆ ಚೌಕಳಿ ಹಾಳೆಯ ಮೇಲೆ ಆಡಿ. ಉಪ್ಪಿಗೆ ಅಕ್ಕಿಕಾಳು, ಮಣ್ಣಿಗೆ ಹುಣಸೆಬೀಜ, ಮಾನಸಿಗೆ ಬೆಂಕಿಕಡ್ಡಿ. ಮೊದಲ ಪಜಲ್ ಹೀಗಿರಲಿ. ಕಟ್ಟೆ ಒಂದು ಕಡೆ ಒಡೆದಿದೆ. ಆ ಸಾಲನ್ನು ನದಿಯಿಂದ ಒಳಕ್ಕೆ ಓದಿದರೆ 0, 1, 1, 1, 1. ಮೂರನೆಯದು 2 ಇರಬೇಕಿತ್ತು. ಗದ್ದೆಯ ಉಪ್ಪು 3. ಕೈಯಲ್ಲಿ ಒಂದು ಬುಟ್ಟಿ ಮಣ್ಣು, ಒಂದು ಮಾನಸ್. ಐದನೇ ಹೆಜ್ಜೆಯಿಂದ ಮಳೆ. ಯಾರೇ ಆಗಲಿ ಮೊದಲು ಬಿರುಕಿಗೆ ಮಣ್ಣು ಸುರಿಯುತ್ತಾರೆ. ಉಪ್ಪುನೀರು ನಿಲ್ಲುತ್ತದೆ, ಮಳೆಯೂ ಬೀಳುತ್ತದೆ, ಆದರೆ ಹೊರಹೋಗಲು ದಾರಿಯಿಲ್ಲದೆ ಉಪ್ಪು 3ರಲ್ಲೇ ಕೂರುತ್ತದೆ. ಬಿರುಕನ್ನು ಹಾಗೇ ಬಿಟ್ಟರೆ ಇಳಿತಕ್ಕೆ 2 ಆಗಿ ಮುಂದಿನ ಉಬ್ಬರಕ್ಕೆ ಮತ್ತೆ 3. ಬಿರುಕಿನಲ್ಲಿ ಮಾನಸ್ ಇಟ್ಟಾಗ ಮಾತ್ರ ಮಳೆಗಾಲದ ಒಂದೊಂದು ಇಳಿತಕ್ಕೂ ಒಂದೊಂದು ಕಾಳು ಕಡಿಮೆಯಾಗುತ್ತದೆ. 1ಕ್ಕೆ ಇಳಿದೊಡನೆ ಕೋರ್ಗುಟ್ ಮೊಳೆಯುತ್ತದೆ. ತಡೆಯುವುದಲ್ಲ, ಒಂದೇ ದಿಕ್ಕಿಗೆ ಬಿಡುವುದು ಬೇಕಿತ್ತು ಎಂದು ಆಡುವವರಿಗೆ ತಾನಾಗಿ ಹೊಳೆಯಬೇಕು. ಸೂಚನೆ ಬರೆದು ಆ ಕ್ಷಣವನ್ನು ಕೆಡಿಸಬೇಡಿ.

ಮುಂದಿನ ಹಂತಗಳಲ್ಲಿ ಒಂದೊಂದೇ ಹೊಸ ನಿಯಮ. ನದಿಯ ಬದಿಯಲ್ಲಿ ಕಾಂಡ್ಲಾ ಇಲ್ಲದ ಕಟ್ಟೆ ಪ್ರತಿ ಮೂರನೇ ಉಬ್ಬರಕ್ಕೆ ಒಂದು ಮಟ್ಟ ಸವೆಯಲಿ. ಬೆಳೆದ ಗಿಡದ ಪಕ್ಕದ ಚೌಕದಲ್ಲಿ ಎರಡು ಉಬ್ಬರ, ಎರಡು ಇಳಿತ ಕಳೆದರೆ ಹೊಸ ಗಿಡ ಬರಲಿ. ಆಗ ಕಟ್ಟೆ ಮೊದಲೋ ಕಾಯುವುದು ಮೊದಲೋ ಎಂಬ ಪ್ರಶ್ನೆ ಹುಟ್ಟುತ್ತದೆ. ಆಮೇಲೆ ಏಡಿ. ಕೆಸರು ತೋಡಿ ಕಾಂಡ್ಲಾಕ್ಕೆ ಉಪಕಾರ ಮಾಡುವ ಅದೇ ಏಡಿ ಕಟ್ಟೆಗೆ ತೂತು ಕೊರೆಯುತ್ತದೆ. ಅದನ್ನು ಶತ್ರು ಮಾಡಬೇಡಿ, ಕೊಲ್ಲುವ ಗುಂಡಿಯಂತೂ ಬೇಡವೇ ಬೇಡ. ಒಟ್ಟು ಆರು ಹಂತ ಸಾಕು, ಹನ್ನೆರಡು ಮಾಡಲು ಹೋದರೆ ಆರೂ ಹಾಳು.

ಗೆಲುವನ್ನು ಹಸಿರು ಚೌಕಗಳ ಎಣಿಕೆಯಿಂದ ಅಳೆಯಬೇಡಿ. ಕಟ್ಟೆ ಒಡೆದು ಪಾಳುಬಿದ್ದ ಖಾಜನ್ ಗದ್ದೆಯೊಳಗೂ ಕಾಂಡ್ಲಾ ದಟ್ಟವಾಗಿ ಬೆಳೆಯುತ್ತದೆ. ಎಣಿಕೆಯ ಲೆಕ್ಕದಲ್ಲಿ ಅದೇ ಗೆಲುವಾಗಿಬಿಡುತ್ತದೆ. ಖಾಜನ್ ಮನುಷ್ಯರು ಕಟ್ಟಿ ಕಾಪಾಡಿದ ವ್ಯವಸ್ಥೆ. ಹೊರಗೆ ಕಾಂಡ್ಲಾ, ಒಳಗೆ ಭತ್ತ, ಪೊಯಿಂನಲ್ಲಿ ಮೀನು, ಮೂರೂ ಒಟ್ಟಿಗೆ ಆರು ಹೆಜ್ಜೆ ಉಳಿದರೆ ಹಂತ ಮುಗಿಯಿತು ಎಂದಿಡಿ.

ಇನ್ನು ಕೋಡ್. ಆಟ ಕಟ್ಟುವ ತಂತ್ರಾಂಶ ಗೋಡೊ 4 ಸಾಕು, 16 ಪಿಕ್ಸೆಲ್ ಚೌಕ, ಮೊದಲ ದಿನ ಬರೀ ಬಣ್ಣದ ಪೆಟ್ಟಿಗೆಗಳು. ಒಂದು ಹೆಜ್ಜೆಯ ಒಳಗಿನ ಕ್ರಮವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ: ನೀರಿನ ಮಟ್ಟ, ಹರಿವು, ಉಪ್ಪು, ಮಳೆ, ಗಿಡ, ಸವೆತ. ನಡುವೆ ಯಾರಾದರೂ ಇದನ್ನು ಬದಲಿಸಿದರೆ ಮಾಡಿಟ್ಟ ಹಂತಗಳೆಲ್ಲ ಮುರಿಯುತ್ತವೆ. ಎಲ್ಲರೂ ಮುಗ್ಗರಿಸುವ ಜಾಗ ಹರಿವು. ಓದುತ್ತಿರುವ ಸಾಲಿನಲ್ಲೇ ಹೊಸ ಬೆಲೆ ಬರೆದರೆ ನೀರು ಎಡದಿಂದ ಬಲಕ್ಕೆ ಒಂದೇ ಹೆಜ್ಜೆಯಲ್ಲಿ ಹಲಗೆ ದಾಟುತ್ತದೆ, ಬಲದಿಂದ ಎಡಕ್ಕೆ ಚೌಕಕ್ಕೊಂದು ಹೆಜ್ಜೆ ತೆವಳುತ್ತದೆ. ನದಿಯ ಚೌಕಗಳನ್ನು ಸರತಿಗೆ ಹಾಕಿ, ಅಲ್ಲಿಂದ ನಾಲ್ಕು ದಿಕ್ಕಿಗೆ ಹರಡಿಸಿ. ಉಪ್ಪಿಗೆ ಮತ್ತು ಗಿಡಕ್ಕೆ ಹಳೆಯ ಹಲಗೆ ಓದಿ ಹೊಸದರಲ್ಲಿ ಬರೆಯಿರಿ.

ಹಿಂದಕ್ಕೆ ಹೋಗುವ ಗುಂಡಿ ಮೊದಲ ದಿನವೇ ಬೇಕು. ಪ್ರತಿ ಹೆಜ್ಜೆಗೂ ಇಡೀ ಹಲಗೆಯ ನಕಲು ಇಟ್ಟುಬಿಡಿ: 48 ಚೌಕಕ್ಕೆ 192 ಸಂಖ್ಯೆ, ನೂರು ಹೆಜ್ಜೆಗೆ 19,200. ಯಾವ ಫೋನಿಗೂ ಅದು ಭಾರವಲ್ಲ. ಉಪ್ಪನ್ನು ಬಣ್ಣದಿಂದಷ್ಟೇ ತೋರಿಸಿದರೆ ಬಣ್ಣಗುರುಡು ಇರುವವರಿಗೆ ಆಟವೇ ಇಲ್ಲ. ಒಂದು, ಎರಡು, ಮೂರು ಬಿಳಿ ಚುಕ್ಕೆ ಇಡಿ. ಕಾಂಡ್ಲಾ ಸಸಿಯ ಚಿತ್ರ ಸಾಮಾನ್ಯ ಎರಡೆಲೆಯ ಮೊಳಕೆಯಾಗದಿರಲಿ. ಕಾಂಡ್ಲಾದ ಒಂದು ಬಗೆಯಾದ ರೈಜೋಫೊರಾದ ಬೀಜ ಮರದಲ್ಲೇ ಮೊಳೆತು ಎಳೆ ನುಗ್ಗೆಕಾಯಿಯಂತೆ ಜೋತು, ಬಿದ್ದಲ್ಲಿ ನೆಟ್ಟಗೆ ಚುಚ್ಚಿಕೊಳ್ಳುವುದುಂಟು; ಮೂರು ಪಿಕ್ಸೆಲ್ ಅಗಲದ ಹಸಿರು ಕಡ್ಡಿ, ತುದಿಯಲ್ಲಿ ಎರಡೆಲೆ, ಅಷ್ಟರಲ್ಲೇ ಬಲ್ಲವರು ಗುರುತು ಹಿಡಿಯುತ್ತಾರೆ.

ಆಟದ ಮಾತು ಕನ್ನಡದಲ್ಲಿದ್ದರೆ ಎರಡು ಎಚ್ಚರ. ಗೋಡೊದ ಮೂಲ ಫಾಂಟಿನಲ್ಲಿ ಕನ್ನಡವಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಿಸ್ಟಂ ಫಾಂಟಿನ ನೆರವಿನಿಂದ ಚೆನ್ನಾಗಿ ಕಂಡದ್ದು ಬ್ರೌಸರಿನಲ್ಲಿ ಖಾಲಿ ಡಬ್ಬಿಗಳಾಗುತ್ತದೆ. ನೋಟೊ ಸಾನ್ಸ್ ಕನ್ನಡವನ್ನು ಪ್ರಾಜೆಕ್ಟಿನೊಳಗೇ ಇಡಿ. ಅಕ್ಷರ ಒಂದೊಂದಾಗಿ ಮೂಡಿಸುವಾಗ ‘ಕಟ್ಟೆ’ ಎಂಬುದು ಮೊದಲು ‘ಕಟ’, ಆಮೇಲೆ ‘ಕಟ್’ ಆಗಿ ಕಣ್ಣಿಗೆ ಚುಚ್ಚುತ್ತದೆ. ಲೇಬಲ್ಲಿನ ಸೆಟ್ಟಿಂಗಿನಲ್ಲಿ ಅಕ್ಷರ ಜೋಡಣೆ ಮುಗಿದ ಮೇಲೆ ಕತ್ತರಿಸುವ ಆಯ್ಕೆ ಇದೆ, ಅದನ್ನು ಹಾಕಿ.

ಜಾಮ್ ಶುರುವಾದ 30ನೇ ಗಂಟೆಗೆ ಆಟ ಗೊತ್ತಿಲ್ಲದ ಇಬ್ಬರ ಕೈಗೆ ಫೋನ್ ಕೊಟ್ಟು, ಬಾಯಿಮುಚ್ಚಿ ಪಕ್ಕದಲ್ಲಿ ಕೂತುಕೊಳ್ಳಿ. ಎಲ್ಲಿ ಬೆರಳು ನಿಂತಿತು ಎಂದಷ್ಟೇ ಬರೆದುಕೊಳ್ಳಿ. 42ನೇ ಗಂಟೆಯ ನಂತರ ಹೊಸ ನಿಯಮ ಮುಟ್ಟಬಾರದು. ಬ್ರೌಸರಿನಲ್ಲಿ ಆಡಲು ಬೇಕಾದ ವೆಬ್ ಎಕ್ಸ್‌ಪೋರ್ಟನ್ನು ‘ಥ್ರೆಡ್’ ಆಯ್ಕೆ ಹಾಕದೆ ಮಾಡಿ, ಮುಖ್ಯ ಫೈಲಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದೇ ಹೆಸರಿಟ್ಟು ಜಿಪ್ ಮಾಡಿ. ಮೊದಲ ಕ್ಲಿಕ್ ಆಗುವವರೆಗೆ ಬ್ರೌಸರ್ ಸದ್ದು ಹೊರಡಿಸುವುದಿಲ್ಲ. ಆದ್ದರಿಂದ ನೀರಿನ ಸದ್ದನ್ನು ‘ಶುರು’ ಗುಂಡಿ ಒತ್ತಿದ ಮೇಲೆ ಹಾಕಿ.